ಹಿಂದಿನ ಸಾಲಿನವರೂ ಹಾಡಬೇಕೇ?

 

ಪುಷ್ಯ ಬಹುಳ ಅಮಾವಾಸ್ಯೆ ಹತ್ತಿರ ಬಂತು ಅಂದರೆ ನಮ್ಮ ಮಿಸಿಸಾಗಾದ ಭಜನಾ ಮಂಡಳಿಯಲ್ಲಿ ಪುರಂದರದಾಸರ ಆರಾಧನೆಯ ಸಡಗರ ಶುರುವಾಗುತ್ತದೆ. ಹೊರಗೆ ಹಿಮ, ಬಾಗಿಲ ಬಳಿ ಬೂಟುಗಳ ರಾಶಿ, ಬೇಸ್‌ಮೆಂಟಿನಲ್ಲಿ ಜಮಖಾನ ಹಾಸಿಕೊಂಡು ನಾವು. ಈ ಸಲ ಹಾಲ್ ಬಾಡಿಗೆಗೆ ಹಿಡಿದು, ಕಾರ್ಯಕ್ರಮ ರೆಕಾರ್ಡ್ ಮಾಡೋಣ ಅಂತ ತೀರ್ಮಾನವಾಯಿತು. ಅದರ ಬೆನ್ನಲ್ಲೇ ಒಬ್ಬರು ಒಂದು ಸಲಹೆ ಮುಂದಿಟ್ಟರು. ಗೋಷ್ಠಿಯಲ್ಲಿ ಹಾಡುವವರನ್ನು ಮೊದಲೇ ಪರೀಕ್ಷೆ ಮಾಡಿ ಆರಿಸೋಣ, ಉಳಿದವರು ಕೂತು ಭಕ್ತಿಯಿಂದ ಕೇಳಲಿ. ಪರೀಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ. ಸಂಗೀತದಲ್ಲಿ ಎಂ.ಎ. ಮಾಡಿದವಳು ನಾನೊಬ್ಬಳೇ ಅನ್ನುವುದು ಕಾರಣ.

ಇದನ್ನು ಅಹಂಕಾರದ ಮಾತು ಅಂತ ತಳ್ಳಿಹಾಕುವುದು ಸುಲಭ. ಆದರೆ ಆ ಸಲಹೆಯಲ್ಲಿ ಹುರುಳಿಲ್ಲದೆ ಇಲ್ಲ. ಇಪ್ಪತ್ತು ಜನ ಇಪ್ಪತ್ತು ಶ್ರುತಿಯಲ್ಲಿ ಹಾಡಿದರೆ ಕಷ್ಟವಾಗುವುದು ಕಿವಿಗೆ ಮಾತ್ರವಲ್ಲ, ಸಾಹಿತ್ಯವೇ ಕೇಳಿಸುವುದಿಲ್ಲ. ಆದಿತಾಳದಲ್ಲಿ ಒಬ್ಬರು ಅರ್ಧ ಎಣಿಕೆ ಮುಂದೆ ಓಡಿದರೆ ಇಡೀ ಸಾಲು ಅವರ ಹಿಂದೆ ಓಡುತ್ತದೆ. "ದೇವರಿಗೆ ಭಕ್ತಿ ಸಾಕು, ಶ್ರುತಿ ಯಾಕೆ?" ಅನ್ನುವ ಮಾತು ನನಗೆ ಯಾವತ್ತೂ ಹಿಡಿಸಿಲ್ಲ. ಪೂಜೆಗೆ ಬಾಡಿದ ಹೂವನ್ನು ತೆಗೆದಿಟ್ಟು ಒಳ್ಳೆಯದನ್ನೇ ಆರಿಸುತ್ತೇವಲ್ಲ, ಸ್ವರದ ವಿಷಯದಲ್ಲಿ ಮಾತ್ರ ಯಾಕೆ ಔದಾಸೀನ್ಯ?

ನನ್ನ ತಕರಾರು ಬೇರೆ ಕಡೆ ಇದೆ. ಹಾಡಲು ಬರುವವರನ್ನು ಮಾತ್ರ ಹಾಡಿಸಿದರೆ, ಬಾರದವರು ಎಲ್ಲಿ ಕಲಿಯಬೇಕು?

"ನಿಮ್ಮ ಕ್ಲಾಸಿಗೆ ಬರಲಿ ಬಿಡಿ ಮೇಡಂ" ಅಂತ ಒಬ್ಬರು ನಗುತ್ತಾ ಹೇಳಿದರು. ಬರಲಿ, ಸಂತೋಷ. ಆದರೆ ಕ್ಲಾಸಿನಲ್ಲಿ ಕಲಿಯುವುದು ಒಂದು, ಭಜನೆಯಲ್ಲಿ ಕಲಿಯುವುದು ಇನ್ನೊಂದು. ಎರಡರ ಕ್ರಮವೇ ತಿರುಗುಮುರುಗು.

ಕ್ಲಾಸಿನ ಕ್ರಮ ನಿಮಗೆಲ್ಲ ಗೊತ್ತು. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ದಾಟು, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಈ ಅಭ್ಯಾಸಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೇ ಅನ್ನುವುದು ನಮ್ಮ ಪರಂಪರೆಯ ನಂಬಿಕೆ. ಸಣ್ಣದರಿಂದ ದೊಡ್ಡದಕ್ಕೆ, ಬಿಡಿಯಿಂದ ಇಡಿಗೆ ಹೋಗುವ ದಾರಿ ಅದು. ಒಂದು ಹಾಡು ಅಂತ ಬಾಯಿಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಅದು ಹಾಗೇ ಇರಬೇಕು, ಅದರಲ್ಲಿ ನನಗೆ ರಾಜಿ ಇಲ್ಲ.

ಭಜನೆಗೆ ಬಂದವರಿಗೆ ಮೊದಲ ದಿನವೇ ಇಡೀ ಹಾಡು ಕಿವಿಗೆ ಬೀಳುತ್ತದೆ. ಅವರು ಮಾಡುವ ಕೆಲಸ ಮಾತ್ರ ಚಿಕ್ಕದು, ಚಪ್ಪಾಳೆ ತಟ್ಟುವುದು. ಎರಡನೇ ವಾರಕ್ಕೆ ಪಲ್ಲವಿಯ ಕೊನೆಯ ಪದಕ್ಕೆ ದನಿ ಸೇರಿಸುತ್ತಾರೆ. ಆಮೇಲೆ ಪಲ್ಲವಿ ಪೂರ್ತಿ ಬರುತ್ತದೆ. ಚರಣ ಹೇಳಿಕೊಡುವವರು ಮುಂದೆ ಇದ್ದೇ ಇರುತ್ತಾರೆ; ಚರಣ ಮುಗಿದಾಗಲೆಲ್ಲ ಪಲ್ಲವಿ ಮತ್ತೆ ಎಲ್ಲರ ಕೈಗೆ ಬರುತ್ತದೆ. ಐದು ಚರಣದ ಹಾಡಾದರೆ ಹೊಸಬರಿಗೆ ಅವಕಾಶ ಐದು ಸಲಕ್ಕೂ ಮಿಕ್ಕಿ. ಹೀಗೇ ವರ್ಷ ಕಳೆಯುವಷ್ಟರಲ್ಲಿ ಒಂದು ಚರಣ, ಎರಡು ಚರಣ, ಕಡೆಗೆ ಅಂಕಿತದ ಸಾಲು. ಯಾರೂ ಪಾಠ ಹೇಳಿರುವುದಿಲ್ಲ, ಆದರೂ ಕಲಿತಿರುತ್ತಾರೆ.

ದೇವರನಾಮದ ರಚನೆಯಲ್ಲೇ ಹೊಸಬರಿಗೆ ಜಾಗ ಇದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾಯವಾರಕ್ಕೆ ಹೊರಟ ದಾಸರು ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಚಿಟಿಕೆ ಹಿಡಿದು ಬೀದಿಯಲ್ಲಿ ಹಾಡುತ್ತಿದ್ದರು. ಅಲ್ಲಿ ಹಾಡಿಗೆ ದನಿಗೂಡಿಸುವವರನ್ನು ಪರೀಕ್ಷೆ ಮಾಡುವವರು ಯಾರು? ಬಾಗಿಲಲ್ಲಿ ನಿಂತು ಕೇಳಿದವರ ಬಾಯಿಗೂ ಪಲ್ಲವಿ ಹತ್ತಬೇಕು, ಹಾಡು ಮುಂದಿನ ಬೀದಿಗೆ ಹೋದ ಮೇಲೂ ಅದು ಮನೆಯೊಳಗೆ ಉಳಿಯಬೇಕು. ಅದಕ್ಕೇ ತಕ್ಕ ಕಟ್ಟಣೆ ಅದು. ಎಲ್ಲ ರಚನೆಗಳೂ ಹಾಗಲ್ಲ, ಇದನ್ನೂ ಹೇಳಬೇಕು. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ, ಸುಳಾದಿಯಲ್ಲಿ ತಾಳ ಬದಲಾಗುತ್ತಾ ಹೋಗುತ್ತದೆ. ಅವನ್ನು ಬಲ್ಲವರು ಹಾಡಿ ಉಳಿದವರು ಕೇಳುವುದೇ ಚೆಂದ.

ನನ್ನ ಮಗಳು ಶಿಕ್ಷಣಶಾಸ್ತ್ರ ಓದುವಾಗ ಮನೆಗೆ ಒಂದು ಪುಸ್ತಕ ತಂದಿದ್ದಳು. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅನ್ನುವವರು 1991ರಲ್ಲಿ ಬರೆದದ್ದು, ಜನ ಕೂಡಿ ಕೆಲಸ ಮಾಡುತ್ತಾ ಹೇಗೆ ಕಲಿಯುತ್ತಾರೆ ಅನ್ನುವುದರ ಬಗ್ಗೆ. ಅದರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯ ದೇಶದ ದರ್ಜಿಗಳ ಪ್ರಸಂಗ ಬರುತ್ತದೆ. ಬಟ್ಟೆ ಹೊಲಿಯುವಾಗ ಮೊದಲು ಕತ್ತರಿಸುವುದು, ಆಮೇಲೆ ಹೊಲಿಯುವುದು, ಕಡೆಗೆ ಗುಂಡಿ, ಮಡಿಕೆ, ಇಸ್ತ್ರಿ, ಅಲ್ವಾ? ಅಲ್ಲಿಯ ಶಿಷ್ಯರು ಕಲಿಯುವುದು ಇದಕ್ಕೆ ಉಲ್ಟಾ. ಮೊದಲು ಗುಂಡಿ ಹಾಕುವುದು, ಅಂಚು ಮಡಿಸಿ ಹೊಲಿಯುವುದು, ಸಿದ್ಧವಾದ ಬಟ್ಟೆಗೆ ಇಸ್ತ್ರಿ. ಆಮೇಲೆ ಹೊಲಿಗೆ. ಎಲ್ಲಕ್ಕಿಂತ ಕಡೆಗೆ ಕತ್ತರಿ ಕೈಗೆ. ಯೋಚಿಸಿ ನೋಡಿದರೆ ಎಷ್ಟು ಜಾಣತನ! ಗುಂಡಿ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಬಟ್ಟೆ ತಪ್ಪಾಗಿ ಕತ್ತರಿಸಿದರೆ ಹೋಯಿತು. ಜೊತೆಗೆ, ಗುಂಡಿ ಹಾಕುವ ಹುಡುಗನ ಕಣ್ಣೆದುರಿಗೆ ಪೂರ್ತಿಯಾದ ಅಂಗಿ ದಿನವೂ ಇರುತ್ತದೆ. ತಾನು ಎಲ್ಲಿಗೆ ಮುಟ್ಟಬೇಕು ಅನ್ನುವುದು ಅವನಿಗೆ ಮೊದಲ ದಿನದಿಂದ ಗೊತ್ತು.

ನಮ್ಮ ಪಲ್ಲವಿಯೂ ಆ ಗುಂಡಿಯೇ ಅನಿಸಿತು ಓದುವಾಗ.

ಅದೇ ಪುಸ್ತಕದಲ್ಲಿ ಕೆಟ್ಟ ಉದಾಹರಣೆಯೂ ಇದೆ. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಮಾಂಸ ಕತ್ತರಿಸುವ ಕೆಲಸ ಕಲಿಯಲು ಸೇರಿದ ಹುಡುಗರದು. (ದಾಸಸಾಹಿತ್ಯದ ನಡುವೆ ಮಾಂಸದ ಅಂಗಡಿ ತಂದಳಲ್ಲ ಅಂತ ಮುಖ ಸಿಂಡರಿಸಬೇಡಿ. ವನಪರ್ವದಲ್ಲಿ ಕೌಶಿಕ ಎಂಬ ಬ್ರಾಹ್ಮಣ ಧರ್ಮ ಕಲಿಯಲು ಹೋದದ್ದು ಮಿಥಿಲೆಯ ಮಾಂಸದ ಅಂಗಡಿಗೇ, ಧರ್ಮವ್ಯಾಧನ ಹತ್ತಿರ. ಅಲ್ಲಿಗೆ ಕಳಿಸಿದವಳು ಒಬ್ಬ ಗೃಹಿಣಿ ಅನ್ನುವುದನ್ನು ನಾನಂತೂ ಮರೆಯುವುದಿಲ್ಲ.) ಆ ಹುಡುಗರನ್ನು ಪ್ಯಾಕಿಂಗ್ ಯಂತ್ರದ ಮುಂದೆ ನಿಲ್ಲಿಸುತ್ತಿದ್ದರಂತೆ. ಅಲ್ಲಿಂದ ನುರಿತವರು ಕತ್ತರಿಸುವುದು ಕಾಣುತ್ತಲೇ ಇರಲಿಲ್ಲ. ಅದೇ ಅಂಗಡಿ, ಅದೇ ಕೆಲಸದ ಹೆಸರು, ಆದರೂ ಕಲಿಕೆ ಮಾತ್ರ ಪ್ಯಾಕಿಂಗ್‌ಗೇ ನಿಂತಿತು. ಒಂದೇ ಸೂರಿನ ಕೆಳಗೆ ಇರುವುದೇ ಸಂಗ ಆಗುವುದಿಲ್ಲ. ಬಲ್ಲವರ ಕೈ ಕಾಣಬೇಕು, ಬಾಯಿ ಕೇಳಿಸಬೇಕು, ನಮ್ಮದೂ ಒಂದು ಚೂರು ಅದಕ್ಕೆ ಸೇರಬೇಕು.

ಇದನ್ನು ನಾವು 2020ರಲ್ಲಿ ಅನುಭವಿಸಿದೆವು. ಕೋವಿಡ್ ಬಂದು ಭಜನೆ ಜೂಮ್‌ಗೆ ಹೋಯಿತು. ದನಿ ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟುವಾಗ ಕ್ಷಣಾರ್ಧ ತಡವಾಗುವುದರಿಂದ ಇಬ್ಬರ ತಾಳ ಕೂಡುವುದೇ ಇಲ್ಲ. ಹಾಗಾಗಿ ಹಾಡುವವರೊಬ್ಬರನ್ನು ಬಿಟ್ಟು ಎಲ್ಲರೂ ಮ್ಯೂಟ್. ಆ ದಿನಗಳಲ್ಲಿ ಅದೇ ಭಗವಂತ ಕೊಟ್ಟ ದಾರಿ, ಅದಕ್ಕೆ ಕೃತಜ್ಞತೆ ಇದೆ. ಆದರೆ ಆ ಎರಡು ವರ್ಷಗಳಲ್ಲಿ ಸೇರಿದ ಮಕ್ಕಳು ಮೊದಲ ಸಲ ಬೇಸ್‌ಮೆಂಟಿಗೆ ಬಂದು ಕೂತಾಗ ಒಂದು ವಿಚಿತ್ರ ಕಂಡೆ. ಸಾಹಿತ್ಯ ಶುದ್ಧ, ಶ್ರುತಿಯೂ ಪರವಾಗಿಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಯಾವಾಗ ದನಿ ತಗ್ಗಿಸಿ ಪಕ್ಕದವರನ್ನು ಕೇಳಬೇಕು, ಚರಣ ಮುಗಿಸಿ ಪಲ್ಲವಿಯನ್ನು ಹೇಗೆ ಬಿಟ್ಟುಕೊಡಬೇಕು, ಇದು ಗೊತ್ತಿಲ್ಲ. ಒಬ್ಬ ಹುಡುಗ ಪ್ರತಿ ಚರಣ ಮುಗಿದ ಮೇಲೂ ಸುಮ್ಮನೆ ಕಾಯುತ್ತಿದ್ದ. ಯಾಕಪ್ಪಾ ಅಂತ ಕೇಳಿದರೆ, ಅವನು ಕಲಿತ ರೆಕಾರ್ಡಿನಲ್ಲಿ ಆ ಜಾಗದಲ್ಲಿ ಪಿಟೀಲು ಬರುತ್ತಿತ್ತು! ಇಲ್ಲದ ಪಿಟೀಲು ಮುಗಿಯುವವರೆಗೆ ಕಾದು ಆಮೇಲೆ ಶುರುಮಾಡುತ್ತಿದ್ದ. ಪಾಪ, ಅವನ ತಪ್ಪಲ್ಲ. ಮೂರು ವಾರ ನಮ್ಮ ನಡುವೆ ಕೂತ ಮೇಲೆ ಅದು ತಾನಾಗಿ ಸರಿಹೋಯಿತು. ಯಾರೂ ತಿದ್ದಬೇಕಾಗಲಿಲ್ಲ.

ಈಗ ನಿಮಗೆ ನಮ್ಮ ಹಿಂದಿನ ಸಾಲಿನ ಒಬ್ಬರ ಪರಿಚಯ ಮಾಡಿಕೊಡಬೇಕು. ಹೆಸರು ಬೇಡ. ರಾಯಚೂರು ಕಡೆಯವರು, ಮಗನ ಮನೆಗೆ ಸೂಪರ್ ವೀಸಾದಲ್ಲಿ ಬಂದಿದ್ದಾರೆ. ಗೋಡೆಗೆ ಒರಗಿ, ಮೊಣಕಾಲಿಗೆ ಶಾಲು ಸುತ್ತಿಕೊಂಡು ಕೂರುತ್ತಾರೆ. ರಾಗದ ಹೆಸರು ಒಂದೂ ಗೊತ್ತಿಲ್ಲ. ಗಂಟಲು ಎಲ್ಲಿ ಕೂತರೆ ಅದೇ ಶ್ರುತಿ. ಎಷ್ಟು ಹಾಡು ಬರುತ್ತದೆ ಅಂತ ಅವರೇ ಲೆಕ್ಕ ಇಟ್ಟಿಲ್ಲ. ಹಸೆಗೆ ಕರೆಯುವ ಹಾಡು, ಉರುಟಣೆ ಹಾಡು, ಹರಪನಹಳ್ಳಿ ಭೀಮವ್ವನವರವು, ಹೆಳವನಕಟ್ಟೆ ಗಿರಿಯಮ್ಮನವರವು, ಯಾವುದಕ್ಕೂ ಪುಸ್ತಕ ಬೇಕಿಲ್ಲ. ಒಂದು ಸಲ ಕೇಳಿದೆ, ಎಲ್ಲಿ ಕಲಿತಿರಿ ಅಮ್ಮಾ ಅಂತ.

"ಎಲ್ಲಿ ಕಲೀಲಿ ನಮ್ಮವ್ವಾ, ಬೀಸೂ ಕಲ್ಲಿನ ಮುಂದ. ನಮ್ಮ ಅತ್ತಿಯಾರು ಹಾಡ್ತಿದ್ರು, ನಾ ಹೂಂ ಹೂಂ ಅಂತಿದ್ದೆ. ಒಂದಿನ ಅವರು ಒಂದು ನುಡಿ ಮರತ್ರು, ನಾ ಹೇಳಿಕೊಟ್ಟೆ. ಅವತ್ತಿಂದ ನಾನೂ ಹಾಡಾಕಿ ಆದೆ."

ಪುಸ್ತಕದಲ್ಲಿ ಪುಟಗಟ್ಟಲೆ ಬರೆದದ್ದನ್ನು ಅವರು ಮೂರು ಮಾತಿನಲ್ಲಿ ಹೇಳಿದರು. ಹೂಂಗುಟ್ಟುವುದಕ್ಕೆ ಜಾಗ ಇತ್ತು. ಹೇಳಿಕೊಡುವ ಗಳಿಗೆ ಬಂದಾಗ ಸೊಸೆಯ ಬಾಯಿ ಮುಚ್ಚಿಸಲಿಲ್ಲ.

ನಾನು ಪರೀಕ್ಷೆ ಮಾಡಿದರೆ ಇವರು ನಪಾಸು. ಅನುಮಾನವೇ ಬೇಡ. ಆದರೆ ನನ್ನ ಕ್ಲಾಸಿನ ಮಕ್ಕಳಿಗೆ ಕಡಗೋಲು ಅಂದರೇನು, ನೆಲುವು ಅಂದರೇನು, ಕೃಷ್ಣ ಬೆಣ್ಣೆ ಕದಿಯಲು ಒರಳು ಯಾಕೆ ಹತ್ತಬೇಕಾಯಿತು ಅಂತ ತಿಳಿದದ್ದು ನನ್ನಿಂದಲ್ಲ, ಅವರಿಂದ. ಹಾಡುತ್ತಾ ಹಾಡುತ್ತಾ ಎರಡು ಕೈಯಲ್ಲಿ ಮಜ್ಜಿಗೆ ಕಡೆಯುವ ಅಭಿನಯ ಮಾಡುತ್ತಾರೆ, ಆ ಕೈಯ ಲಯದಲ್ಲೇ ಹಾಡಿನ ನಡೆ ಇರುತ್ತದೆ. ಅಂಗಡಿಯ ಡಬ್ಬಿಯಲ್ಲಿ ಮೊಸರು ನೋಡಿದ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತವೆ. ಎಂ.ಎ. ಓದುವಾಗ ನಾನು 72 ಮೇಳಕರ್ತ ಕಲಿತೆ, ಲಕ್ಷಣಗ್ರಂಥಗಳನ್ನು ಕಲಿತೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸಾಲಿನಲ್ಲಿ ಹಿಂದೆ ಕೂತವರೆಲ್ಲ ಕಲಿಯುವವರು, ಮುಂದೆ ಕೂತವರೆಲ್ಲ ಕಲಿಸುವವರು ಅನ್ನುವ ಲೆಕ್ಕವೇ ಹುಸಿ.

ನಮ್ಮ ಅಡುಗೆಮನೆಯಲ್ಲಿ ಈ ವಿಷಯ ಬಹಳ ಹಿಂದೆಯೇ ಇತ್ಯರ್ಥವಾಗಿದೆ, ಗಮನಿಸಿದ್ದೀರಾ? ಆರಾಧನೆಗೆ ನೂರೈವತ್ತು ಜನಕ್ಕೆ ಪ್ರಸಾದ. ಹಯಗ್ರೀವ ಕದಡುವ ಹಿರಿಯರ ಹತ್ತಿರ ಅಳತೆಯ ಚೀಟಿ ಇಲ್ಲ. ಕಡಲೆಬೇಳೆಯನ್ನು ಎರಡು ಬೆರಳ ನಡುವೆ ಹಿಸುಕಿ ನೋಡುತ್ತಾರೆ, ಬೆಲ್ಲ ಹಾಕುವ ಹೊತ್ತು ಅದರಿಂದಲೇ ಗೊತ್ತು. ಹೊಸದಾಗಿ ಬಂದ ಹುಡುಗಿಗೆ ಮೊದಲು ಕರಿಬೇವು ಬಿಡಿಸುವ ಕೆಲಸ. ಆಮೇಲೆ ಫ್ರೋಜನ್ ತೆಂಗಿನತುರಿ ಕರಗಿಸಿಡುವುದು. ಒಂದೆರಡು ಹಬ್ಬ ಕಳೆದ ಮೇಲೆ ಸೌಟು ಕೈಗೆ, "ಕೈಯಾಡಿಸ್ತಾ ಇರಮ್ಮ, ತಳ ಹಿಡಿಯುತ್ತೆ" ಅಂತ. ಉಪ್ಪು ಹಾಕುವ ಅಧಿಕಾರ ಬರುವುದು ಬಹಳ ತಡವಾಗಿ. ಅಲ್ಲಿ ಯಾರೂ ಪರೀಕ್ಷೆ ಇಟ್ಟು ಒಳಗೆ ಬಿಡುವುದಿಲ್ಲ. ಹಾಗಂತ ಮೊದಲ ದಿನವೇ ಉಪ್ಪಿನ ಡಬ್ಬಿಯನ್ನೂ ಕೊಡುವುದಿಲ್ಲ. ನನಗೆ ಬೇಕಾಗಿರುವುದು ಈ ನ್ಯಾಯ. ಎಲ್ಲರಿಗೂ ಒಲೆ ಕಾಣುವ ಜಾಗ, ಕೈಗೆ ತಕ್ಕ ಕೆಲಸ.

ನಮ್ಮ ಮನೆಯವರು ಆಫೀಸಿನ ಬಗ್ಗೆಯೂ ಇದನ್ನೇ ಹೇಳುತ್ತಾರೆ. ಮ್ಯಾನುಯಲ್ ಓದಿ ಕಲಿತದ್ದಕ್ಕಿಂತ ಕಾಫಿ ಕುಡಿಯುತ್ತಾ "ಮೊನ್ನೆ ಆ ಮಷೀನು ಹೀಗೆ ಕೈಕೊಟ್ಟಿತು" ಅಂತ ಹಿರಿಯರು ಹೇಳಿದ ಕಥೆಗಳಿಂದ ಕಲಿತದ್ದೇ ಹೆಚ್ಚಂತೆ. ಮನೆಯಿಂದಲೇ ಕೆಲಸ ಮಾಡುವ ಈಗಿನ ಹುಡುಗರಿಗೆ ಆ ಕಥೆ ಯಾರು ಹೇಳುತ್ತಾರೆ ಅನ್ನುವುದು ಅವರ ಚಿಂತೆ.

ಸಂಗದಲ್ಲಿ ಕಲಿಯುವುದೆಲ್ಲ ಒಳ್ಳೆಯದೇ ಅಂತ ಮಾತ್ರ ತಿಳಿಯಬಾರದು. ತಪ್ಪೂ ಗುಂಪಿನಲ್ಲೇ ಹರಡುತ್ತದೆ, ಸರಿಗಿಂತ ಬೇಗ ಹರಡುತ್ತದೆ. ಪದವನ್ನು ತಪ್ಪು ಜಾಗದಲ್ಲಿ ಒಡೆದು ಹಾಡಿ ಅರ್ಥವೇ ತಿರುಗಿಹೋದ ಸಾಲುಗಳು ಎಷ್ಟೋ ಮಂಡಳಿಗಳಲ್ಲಿ ವರ್ಷಗಟ್ಟಲೆ ನಡೆದಿವೆ. ಎಲ್ಲರೂ ಹಾಗೇ ಹಾಡುವಾಗ ಒಬ್ಬರಿಗೆ ಅನುಮಾನ ಬಂದರೂ ಬಾಯಿ ಬಿಡುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಯಾರು ಬಂದರೆ ಜನ ಸರಿದು ಜಾಗ ಬಿಡುತ್ತಾರೆ, ಯಾರು ತಪ್ಪಿದರೆ ನಗುತ್ತಾರೆ, ಯಾರು ತಪ್ಪಿದರೆ ಕೇಳಿಸದವರಂತೆ ಇರುತ್ತಾರೆ, ಮಕ್ಕಳು ಇದನ್ನೂ ಕಲಿಯುತ್ತಾರೆ. ವಿನಯದ ಬಗ್ಗೆ ಹಾಡನ್ನು ಬಾಯಲ್ಲಿ ಕಲಿತು, ಅಂತಸ್ತಿನ ಪಾಠವನ್ನು ಕಣ್ಣಲ್ಲಿ ಕಲಿತರೆ, ಯಾವುದು ಉಳಿಯುತ್ತದೆ ಹೇಳಿ. ಹಾಗಾಗಿ ಪರೀಕ್ಷೆಯ ಪ್ರಶ್ನೆಯನ್ನು ಬರೀ ಸಂಗೀತದ ಪ್ರಶ್ನೆ ಅಂತ ನನಗೆ ನೋಡಲಾಗುವುದಿಲ್ಲ. ಅರ್ಧ ಜನರನ್ನು ಬಾಯಿ ಮುಚ್ಚಿ ಕೂರಿಸಿದರೆ ಹಾಲ್‌ನಲ್ಲಿರುವ ಪ್ರತಿ ಮಗುವೂ ಅವತ್ತು ಒಂದು ಪಾಠ ಕಲಿಯುತ್ತದೆ, ಅದು ಮೋಹನ ಕಲ್ಯಾಣಿಯ ಪಾಠವಲ್ಲ.

ಕನಕದಾಸರ ಬಾಳೆಹಣ್ಣಿನ ಕಥೆ ನಾವೆಲ್ಲ ನೂರು ಸಲ ಹೇಳಿದ್ದೇವೆ, ಕೇಳಿದ್ದೇವೆ. ದೇವರಿಲ್ಲದ ಜಾಗ ಸಿಗಲಿಲ್ಲ ಅಂತ ಅವರು ಹಣ್ಣನ್ನು ಹಾಗೇ ತಂದರು. ನಾನು ಈಚೆಗೆ ಆ ಕಥೆಯ ಶುರುವನ್ನೇ ಹೆಚ್ಚು ನೋಡುತ್ತೇನೆ. ವ್ಯಾಸರಾಯರು ಹಣ್ಣು ಕೊಟ್ಟದ್ದು ಎಲ್ಲ ಶಿಷ್ಯರಿಗೂ. ಉಳಿದವರ ಗೊಣಗಾಟದ ನಡುವೆಯೂ ಕನಕದಾಸರನ್ನು ಆ ಪಾಠದಲ್ಲಿ ಕೂರಿಸಿಕೊಂಡಿದ್ದರು. ಪರೀಕ್ಷೆ ಆಮೇಲೆ ನಡೆಯಿತು, ಸೇರಿಸಿಕೊಂಡದ್ದು ಮೊದಲು. ಮೊದಲೇ ಹೊರಗಿಟ್ಟಿದ್ದರೆ ಕನಕರು ಕನಕರಾಗಿಯೇ ಇರುತ್ತಿದ್ದರು, ನಷ್ಟ ಆ ಉಳಿದ ಶಿಷ್ಯರಿಗೆ.

ಜಗನ್ನಾಥದಾಸರ ಚರಿತ್ರೆ ಇದರ ಇನ್ನೊಂದು ಮುಖ. ಮಾನ್ವಿಯ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರ ಪಂಕ್ತಿಗೆ ವಿಜಯದಾಸರು ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು ಅಂತ ಸಂಪ್ರದಾಯದ ಕಥೆ. ನೆಪ ನಿಜವಾಯಿತು, ಕಡೆಗೆ ಗೋಪಾಲದಾಸರ ಅನುಗ್ರಹದಿಂದ ಉಳಿದರು. ಅದೇ ವ್ಯಕ್ತಿ ದಾಸರಾಗಿ ಹರಿಕಥಾಮೃತಸಾರವನ್ನು ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ ಬರೆದರು. ಪಾಂಡಿತ್ಯ ಅವರಿಗೆ ಮೊದಲೇ ಇತ್ತು. ಅದು ಕನ್ನಡದ ಹಾಡಾಗಿ ಹೊರಬರಲು ಆ ಪಂಕ್ತಿಯಲ್ಲಿ ಕೂರಬೇಕಾಯಿತು. ಬಲ್ಲವರೂ ಸಂಗದಿಂದ ತಪ್ಪಿಸಿಕೊಂಡರೆ ಕಳೆದುಕೊಳ್ಳುತ್ತಾರೆ. ಮುಂದಿನ ಸಾಲಿನವರು, ನನ್ನನ್ನೂ ಸೇರಿಸಿ, ಇದನ್ನು ಸ್ವಲ್ಪ ನೆನಪಿಡಬೇಕು.

ಋಷಿಋಣ ಅಂತ ನಮ್ಮಲ್ಲಿ ಒಂದು ಮಾತಿದೆ. ಕಲಿತ ಸಾಲವನ್ನು ಕಲಿಸಿದವರಿಗೆ ತೀರಿಸಲಾಗುವುದಿಲ್ಲ, ಕಲಿತು ಮುಂದಿನವರಿಗೆ ದಾಟಿಸಿ ತೀರಿಸಬೇಕು. ನಾವು ಯಾರೂ ಹುಟ್ಟಿದಾಗಲೇ ಶ್ರುತಿಶುದ್ಧವಾಗಿ ಹಾಡಲಿಲ್ಲ. ಯಾವುದೋ ಊರಿನ ಯಾವುದೋ ಮಠದ ಜಗಲಿಯಲ್ಲಿ, ಮನೆಯ ದೇವರ ಮುಂದೆ, ನಮ್ಮ ಅಪಸ್ವರವನ್ನು ಯಾರೋ ಮುಖ ಗಂಟಿಕ್ಕದೆ ಸಹಿಸಿಕೊಂಡರು. ಆ ಸಹನೆಯೂ ಆ ಸಾಲದ ಲೆಕ್ಕಕ್ಕೆ ಸೇರಿದ್ದು. ಹಿಂದಿನ ಸಾಲಿನವರಿಗೆ ಜಾಗ ಕೊಡುವುದನ್ನು ನಮ್ಮ ಔದಾರ್ಯ ಅಂತ ಹೇಳಿಕೊಳ್ಳುವ ಹಾಗಿಲ್ಲ.

ಸಭೆಯಲ್ಲಿ ನಾನು ಹೇಳಿದ್ದು ಇಷ್ಟು. ಪರೀಕ್ಷೆ ನಾನು ಮಾಡುವುದಿಲ್ಲ. ಬದಲಿಗೆ ಆರಾಧನೆಗೆ ಮುಂಚೆ ನಾಲ್ಕು ಶನಿವಾರ ಎಲ್ಲರೂ ಕೂಡಿ ಅಭ್ಯಾಸ, ನಾನೂ ಕೂರುತ್ತೇನೆ. ಚರಣಗಳನ್ನು ಮೂರು ನಾಲ್ಕು ಜನ ಹಂಚಿಕೊಳ್ಳಲಿ, ಪಲ್ಲವಿ ಎಲ್ಲರದು. ಸುಳಾದಿ ಒಂದನ್ನು ಬಲ್ಲವರು ಹಾಡಲಿ, ಅಷ್ಟು ಹೊತ್ತು ಎಲ್ಲರೂ ಕೇಳೋಣ. ತಪ್ಪು ಪಾಠ ಕಂಡರೆ ಅಭ್ಯಾಸದಲ್ಲಿ, ಎಲ್ಲರೆದುರು ಹೆಸರು ಹಿಡಿಯದೆ, ಎಲ್ಲರಿಗೂ ಸೇರಿಸಿ ತಿದ್ದೋಣ. ತಂಬೂರಿಯ ಪೆಟ್ಟಿಗೆಯನ್ನು ಹಿಂದಿನ ಸಾಲಿಗೆ ಹತ್ತಿರ ಇಡೋಣ. ಶ್ರುತಿ ಕೇಳಿಸದ ಜಾಗದಲ್ಲಿ ಕೂರಿಸಿ ಶ್ರುತಿ ತಪ್ಪಿತು ಅನ್ನುವುದು ಯಾವ ನ್ಯಾಯ?

ಎಲ್ಲರೂ ಒಪ್ಪಿದರು ಅಂತ ಹೇಳಲಾರೆ. ರೆಕಾರ್ಡಿಂಗ್ ಹಾಳಾಗುತ್ತದೆ ಅನ್ನುವ ಬೇಸರ ಕೆಲವರಿಗೆ ಇನ್ನೂ ಇದೆ, ಮೈಕ್ ಎಷ್ಟು, ಯಾರ ಮುಂದೆ ಅನ್ನುವ ಚರ್ಚೆ ನಡೆಯುತ್ತಲೇ ಇದೆ. ಮೊದಲ ಶನಿವಾರದ ಅಭ್ಯಾಸಕ್ಕೆ ಹದಿನೆಂಟು ಜನ ಬಂದಿದ್ದರು. ರಾಯಚೂರಿನ ಅಮ್ಮನೂ ಬಂದರು. ಮೂರನೇ ಚರಣದಲ್ಲಿ ನಮ್ಮ ಮುಂದಿನ ಸಾಲು ತಡವರಿಸಿತು. ಹಿಂದಿನಿಂದ, ಒಂದೂವರೆ ಮನೆ ಕೆಳಗಿನ ಶ್ರುತಿಯಲ್ಲಿ, ಮುಂದಿನ ಸಾಲು ಕೇಳಿಬಂತು.